ಕೈಯಲ್ಲಿ ಮಾಡಿದ ಗಾಳದ ಕೋಲಿಗೆ ಯಾವ ರೀಲ್ ಸೀಟ್?

ನಾನು ಮಾಡಿದ ಎರಡನೇ ಬಿದಿರಿನ ಕೋಲು ಅದು. ಮೂರು ತಿಂಗಳು ಕೂತು ಬಿದಿರು ಸೀಳಿ, ಹೆರೆದು, ಆರು ಪಟ್ಟಿ ಸೇರಿಸಿ ಅಂಟಿಸಿದ್ದೆ. ಹಿಡಿಕೆಗೆ ಕಾರ್ಕ್ ಉಂಗುರಗಳನ್ನು ಒಂದೊಂದಾಗಿ ಆರಿಸಿ ಕೂರಿಸಿದ್ದೆ. ದಾರ ಸುತ್ತುವ ರೀಲ್ ಕೂರಿಸುವ ಜಾಗಕ್ಕೆ, ಅಂದರೆ ರೀಲ್ ಸೀಟಿಗೆ, ಮಾತ್ರ ಒಂದು ಸಂಜೆಯಲ್ಲಿ ಕೆಲಸ ಮುಗಿಸಿದೆ. ಮರದ ತುಂಡು, ಹಿತ್ತಾಳೆಯ ಒಂದು ಕ್ಯಾಪ್, ಒಂದು ಉಂಗುರ, ಅಷ್ಟೇ. ಮಾರ್ಚ್ ತಿಂಗಳಲ್ಲಿ ಒಂದು ಕೆರೆಯ ದಂಡೆಯಲ್ಲಿ ಒಳ್ಳೆ ಗಾತ್ರದ ಗೆಂಡೆ ಗಾಳ ಕಚ್ಚಿತು. ಎರಡನೇ ಎಳೆತಕ್ಕೆ ಉಂಗುರ ಸರಿಯಿತು. ರೀಲ್ ಕಳಚಿಕೊಂಡು ಕಾಲ ಬುಡದ ನೀರಿಗೆ ಬಿತ್ತು. ದಾರವನ್ನು ಬರಿಗೈಯಲ್ಲಿ ಹಿಡಿದು ನಿಂತಿದ್ದೆ. ಬೆರಳು ಕುಯ್ದಿತು, ಮೀನು ಹೋಯಿತು.

ಮನೆಗೆ ಬಂದು ವರ್ನಿಯರ್ ಇಟ್ಟು ಅಳೆದೆ. ಮಳೆಗಾಲದಲ್ಲಿ ಕಡೆದ ಮರ ಬೇಸಿಗೆಯಲ್ಲಿ ಒಣಗಿ ಕುಗ್ಗಿತ್ತು. 17.4 ಮಿ.ಮೀ. ಇದ್ದದ್ದು 17.1ಕ್ಕೆ ಇಳಿದಿತ್ತು. ಉಂಗುರ ಮಾತ್ರ ಹಾಗೇ ಇತ್ತು. ಲೋಹ ಚೆನ್ನಾಗಿತ್ತು, ಹೊಳಪೂ ಚೆನ್ನಾಗಿತ್ತು. ಆ ಮೀನಿಗೆ, ಆ ರೀಲಿಗೆ ನಾನು ಆರಿಸಿದ ಬೀಗವೇ ಸರಿ ಇರಲಿಲ್ಲ.

ಆಮೇಲೆ ಹಲವು ಸೀಟುಗಳನ್ನು ಮಾಡಿದ್ದೇನೆ. ಹೊಸದಾಗಿ ಕೋಲು ಮಾಡುವವರು ನನ್ನನ್ನು ಮೊದಲು ಕೇಳುವುದು "ಹಿತ್ತಾಳೆ ಒಳ್ಳೆಯದೋ, ಜರ್ಮನ್ ಸಿಲ್ವರ್ ಒಳ್ಳೆಯದೋ" ಅಂತ. ಆ ಪ್ರಶ್ನೆ ಎರಡನೆಯದು. ಮೊದಲು ರೀಲನ್ನು ಹಿಡಿಯುವ ಬಗೆಯನ್ನು ಆರಿಸಬೇಕು. ಲೋಹ ಆಮೇಲೆ.

ಅದಕ್ಕೂ ಮೊದಲು ರೀಲಿನ ಪಾದ ಅಳೆಯಿರಿ

ರೀಲಿನ ಕೆಳಗೆ ಚಪ್ಪಟೆಯಾಗಿ ಎರಡೂ ಕಡೆ ಚಾಚಿರುವ ಭಾಗವೇ ಪಾದ. ಅದರ ತುದಿಗಳು ತೆಳ್ಳಗಿದ್ದು, ನಡುವಿಗೆ ಬರುತ್ತಾ ದಪ್ಪವಾಗುತ್ತವೆ. ಹಾಗಾಗಿ ಪಾದವೇ ಒಂದು ಬೆಣೆ ಇದ್ದ ಹಾಗೆ. ಸೀಟ್ ಹಿಡಿಯುವುದು ಈ ಬೆಣೆಯನ್ನು. ಉದ್ದ, ಅಗಲ, ಎರಡೂ ತುದಿಗಳ ದಪ್ಪ, ತುದಿಯಿಂದ 5 ಮತ್ತು 10 ಮಿ.ಮೀ. ಒಳಗೆ ಎಷ್ಟು ದಪ್ಪ, ಇಷ್ಟನ್ನೂ ಬರೆದಿಟ್ಟುಕೊಳ್ಳಿ. ಎರಡು ತುದಿಗಳೂ ಒಂದೇ ಇರುತ್ತವೆ ಅಂದುಕೊಳ್ಳಬೇಡಿ. ನನ್ನ ಒಂದು ಹಳೆ ರೀಲಿನ ಮುಂದಿನ ತುದಿ ಹಿಂದಿನದಕ್ಕಿಂತ ಅರ್ಧ ಮಿ.ಮೀ. ದಪ್ಪ ಇದೆ. ನಿಮ್ಮ ಹತ್ತಿರ ಎರಡು ಮೂರು ರೀಲ್ ಇದ್ದರೆ ಎಲ್ಲವನ್ನೂ ಅಳೆಯಿರಿ. ಒಂದೇ ಕೋಲಿಗೆ ಎಲ್ಲವೂ ಹೊಂದಬೇಕೋ, ಒಂದಕ್ಕೇ ಸಾಕೋ ಅಂತ ಆಗಲೇ ತೀರ್ಮಾನ ಮಾಡಿ. ಉಂಗುರದ ಸೀಟ್ ಮಾಡುವವರಿಗೆ ಇದು ಬಹಳ ಮುಖ್ಯ.

ಉಂಗುರವೋ, ನಟ್ಟೋ?

ಕ್ಯಾಪ್ ಮತ್ತು ಉಂಗುರದ ಸೀಟ್ ಎಲ್ಲಕ್ಕಿಂತ ಸರಳ. ಕೋಲಿನ ಹಿಂತುದಿಗೆ ಒಂದು ಲೋಹದ ಬಟ್ಟಲು. ಪಾದದ ಒಂದು ತುದಿ ಅದರೊಳಗೆ ಹೋಗುತ್ತದೆ. ಇನ್ನೊಂದು ತುದಿಯ ಮೇಲೆ ಉಂಗುರವನ್ನು ಜಾರಿಸಿ ಒತ್ತಿದರೆ ಬಿಗಿಯಾಗುತ್ತದೆ. ಥ್ರೆಡ್ ಇಲ್ಲ, ನಟ್ ಇಲ್ಲ. ಎರಡೇ ಲೋಹದ ಭಾಗ, ತೂಕವೂ ತೀರಾ ಕಡಿಮೆ. ಅಮೆರಿಕದ ಬಿದಿರಿನ ಕೋಲುಗಳಲ್ಲಿ, ಸಣ್ಣ ಹೊಳೆಯ ಟ್ರೌಟ್ ಮೀನಿಗೆ ಮಾಡಿದವುಗಳಲ್ಲಿ, ಇದನ್ನೇ ಹೆಚ್ಚು ನೋಡುತ್ತೇವೆ. ನೋಡಲು ಇದಕ್ಕಿಂತ ಚೆಂದದ್ದು ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಮರದ ಎಳೆ ಪೂರ್ತಿ ಕಾಣುತ್ತದೆ.

ಆದರೆ ಇದು ನಿಂತಿರುವುದು ಬರೀ ಘರ್ಷಣೆಯ ಮೇಲೆ. ಮರ ಕುಗ್ಗಿದರೆ ಸಡಿಲ. ಭಾರದ ರೀಲ್ ಹಾಕಿ ದಿನವಿಡೀ ಬೀಸಿದರೂ ಸಡಿಲ. ರೀಲ್ 120 ಗ್ರಾಂ ಒಳಗಿದ್ದರೆ ಉಂಗುರ ಸಾಕು, ಅದಕ್ಕಿಂತ ಜಾಸ್ತಿ ಇದ್ದರೆ ಬೇಡ. ಇದು ನನ್ನ ಅನುಭವದ ಗೆರೆ, ಯಾವ ಪುಸ್ತಕದ್ದೂ ಅಲ್ಲ.

ಉಂಗುರ ಮಾಡುವಾಗ ಒಂದು ವಿಷಯ ಗಮನಿಸಿ. ಒಳಗಿನ ತೂತನ್ನು ನೇರವಾಗಿ ಕೊರೆದರೆ, ಪಾದದ ಮೇಲೆ ಒಂದೇ ಗೆರೆಯಲ್ಲಿ ಕಚ್ಚುತ್ತದೆ. ಲೇತಿನಲ್ಲಿ (ಲೋಹ ಕಡೆಯುವ ಯಂತ್ರ) ಟೂಲ್ ಕೂರುವ ಕಾಂಪೌಂಡ್ ಸ್ಲೈಡನ್ನು 1 ಡಿಗ್ರಿ ತಿರುಗಿಸಿಕೊಂಡು ಒಳಗೆ ಸ್ವಲ್ಪ ಇಳಿಜಾರು ಕೊಡಿ. ಆಗ ಬೆಣೆಯ ಮೇಲೆ ಪೂರ್ತಿ ಕೂರುತ್ತದೆ. ಉದ್ದ 9-10 ಮಿ.ಮೀ., ದಪ್ಪ 0.8 ಮಿ.ಮೀ. ಇರಲಿ. ಒಳ ಅಂಚನ್ನು ಎಮೆರಿ ಕಾಗದದಿಂದ ಉಜ್ಜಿ ದುಂಡಗೆ ಮಾಡದಿದ್ದರೆ, ಪ್ರತಿ ಸಲ ಜಾರಿಸಿದಾಗಲೂ ಮರದ ಮೇಲೆ ಗೀರು ಬೀಳುತ್ತದೆ.

ನಟ್ ಇರುವ ಸೀಟಿನಲ್ಲಿ ಎರಡು ಬಗೆ. ಹಿಂತುದಿಯಲ್ಲಿ ಕ್ಯಾಪ್ ಇದ್ದು, ಹಿಡಿಕೆಯ ಕಡೆಯಿಂದ ನಟ್ ತಿರುಗಿಸುತ್ತಾ ಹಿಂದಕ್ಕೆ ಒತ್ತುವುದು ಡೌನ್‌ಲಾಕ್. ಇದಕ್ಕೆ ತದ್ವಿರುದ್ಧ ಅಪ್‌ಲಾಕ್: ಹಿಡಿಕೆಯ ಕಾರ್ಕಿನೊಳಗೆ ಪಾದದ ತುದಿ ಸೇರುವ ಲೋಹದ ಬಟ್ಟಲು, ಅಂದರೆ ಹುಡ್, ಅಡಗಿರುತ್ತದೆ, ಹಿಂದಿನಿಂದ ನಟ್ ಅದರ ಕಡೆಗೆ ಒತ್ತುತ್ತದೆ.

ಡೌನ್‌ಲಾಕಿನಲ್ಲಿ ರೀಲ್ ಕೋಲಿನ ಕಟ್ಟಕಡೆಗೆ ಕೂರುತ್ತದೆ. ಉದ್ದದ ಕೋಲಿಗೆ ತೂಕ ಸಮ ಮಾಡಲು ಇದು ಅನುಕೂಲ. ಆದರೆ ಕೋಲನ್ನು ನೆಲಕ್ಕೆ ಊರಿದರೆ ರೀಲಿಗೇ ಮಣ್ಣು ತಾಗುತ್ತದೆ. ಅಪ್‌ಲಾಕಿನಲ್ಲಿ ರೀಲ್ ಕೈಯ ಹತ್ತಿರ ಬರುತ್ತದೆ. ಹಿಂದೆ ಥ್ರೆಡ್ ಇರುವ ಭಾಗ ಉಳಿಯುವುದರಿಂದ ರೀಲಿಗೆ ರಕ್ಷಣೆ. ದೊಡ್ಡ ಮೀನಿನ ಜೊತೆ ಸೆಣಸುವಾಗ ಹೊಟ್ಟೆಗೆ ಊರಿಕೊಳ್ಳುವ ಹಿಂತುಂಡು ಸೇರಿಸುವುದೂ ಸುಲಭ.

ಮಹಶೀರ್ ಮನಸ್ಸಿನಲ್ಲಿದ್ದರೆ ಅಪ್‌ಲಾಕ್ ಬಿಟ್ಟು ಬೇರೆ ಯೋಚಿಸಬೇಡಿ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕಿಲೋ ತೂಗಿತ್ತು. ಅಂಥದ್ದು ಈಗ ಸಿಗುವುದು ಕನಸಿನ ಮಾತು. ಕಾವೇರಿಯ ಡುಬ್ಬದ ಮಹಶೀರ್ ಅಳಿವಿನ ಅಂಚಿನಲ್ಲಿದೆ, 2018ರಿಂದ ಅಂತರರಾಷ್ಟ್ರೀಯ ಕೆಂಪು ಪಟ್ಟಿಯ ತೀರಾ ಅಪಾಯದ ಸಾಲಿನಲ್ಲಿದೆ. ಅನುಮತಿ ಇರುವ ಕಡೆ ಮಾತ್ರ ಗಾಳ ಹಾಕಿ, ಹಿಡಿದದ್ದನ್ನು ನೀರಿನಲ್ಲೇ ಬಿಡಿಸಿ ಬಿಟ್ಟುಬಿಡಿ. ಗಟ್ಟಿ ಸೀಟ್ ಇದ್ದರೆ ಮೀನು ಬೇಗ ದಡಕ್ಕೆ ಬರುತ್ತದೆ, ಹೆಚ್ಚು ದಣಿಯದೆ ವಾಪಸ್ ಹೋಗುತ್ತದೆ. ಸೀಟಿನ ವಿಷಯದಲ್ಲಿ ನನಗೆ ಇಷ್ಟು ಹಟ ಇರುವುದಕ್ಕೆ ಇದೂ ಒಂದು ಕಾರಣ.

ಲೋಹ

ಮೊದಲು ತೂಕ ನೋಡೋಣ. ಒಂದು ನಟ್ ಸೀಟಿನ ಲೋಹದ ಭಾಗಗಳೆಲ್ಲ ಸೇರಿ ಸುಮಾರು 5 ಘನ ಸೆಂ.ಮೀ. ಅಂದುಕೊಳ್ಳಿ. ಅಲ್ಯೂಮಿನಿಯಂನಲ್ಲಿ ಮಾಡಿದರೆ ಹದಿಮೂರುವರೆ ಗ್ರಾಂ. ಹಿತ್ತಾಳೆಯಲ್ಲಿ 42, ಜರ್ಮನ್ ಸಿಲ್ವರಿನಲ್ಲಿ 43, ಸ್ಟೇನ್‌ಲೆಸ್ ಸ್ಟೀಲಿನಲ್ಲಿ 40. ಅಂದರೆ ಹಿತ್ತಾಳೆಗೂ ಜರ್ಮನ್ ಸಿಲ್ವರಿಗೂ ತೂಕದಲ್ಲಿ ಲೆಕ್ಕಕ್ಕೆ ಬರುವ ವ್ಯತ್ಯಾಸ ಇಲ್ಲ. ಅಲ್ಯೂಮಿನಿಯಂ ಮಾತ್ರ ಮೂರು ಪಟ್ಟು ಹಗುರ. ಏಳಡಿಯ ತೆಳ್ಳನೆ ಕೋಲಿಗೆ 30 ಗ್ರಾಂ ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಒಂಬತ್ತಡಿಯ ಭಾರದ ಕೋಲಿಗೆ ಹಿಂದೆ ಸ್ವಲ್ಪ ತೂಕ ಇದ್ದರೇ ಒಳ್ಳೆಯದು.

ಕಲಿಯುವವರಿಗೆ ಹಿತ್ತಾಳೆ. ಅದರಲ್ಲೂ ಸೀಸ ಬೆರೆತ, ಸುಲಭವಾಗಿ ಕಡೆಯಲು ಬರುವ ಫ್ರೀ ಕಟಿಂಗ್ ಹಿತ್ತಾಳೆ ಕೇಳಿ ತೆಗೆದುಕೊಳ್ಳಿ. ನಮ್ಮಲ್ಲಿ ಐಎಸ್ 319 ಅಂತ ಕೇಳಿದರೆ ಅಂಗಡಿಯವರಿಗೆ ತಿಳಿಯುತ್ತದೆ. ಇದನ್ನು ಕಡೆಯುವಾಗ ಉದ್ದ ಸುರುಳಿ ಬರುವುದಿಲ್ಲ, ಚಿನ್ನದ ರವೆಯ ಹಾಗೆ ಪುಡಿ ಉದುರುತ್ತದೆ. ಟೂಲಿನ ಮೇಲ್ಮೈ ಮಾತ್ರ ಚಪ್ಪಟೆಯಾಗಿರಬೇಕು. ಉಕ್ಕಿಗೆ ಹರಿತ ಮಾಡಿದ ಡ್ರಿಲ್ ಬಿಟ್ಟನ್ನು ಹಿತ್ತಾಳೆಗೆ ಹಾಕಿದರೆ ಅದು ತಾನಾಗಿ ಒಳಗೆ ಎಳೆದುಕೊಂಡು ಕಚ್ಚಿಕೊಳ್ಳುತ್ತದೆ. ಬಿಟ್ಟಿನ ಎರಡೂ ಬಾಯಿಗಳನ್ನು ಸಾಣೆಕಲ್ಲಿನಿಂದ ಎರಡು ಸಲ ಉಜ್ಜಿ ಅಂಚು ಚಪ್ಪಟೆ ಮಾಡಿಕೊಂಡರೆ ಆ ತೊಂದರೆ ತಪ್ಪುತ್ತದೆ. ಈ ಒಂದು ವಿಷಯ ಗೊತ್ತಿಲ್ಲದೆ ನಾನು ಎರಡು ಕ್ಯಾಪ್ ಹಾಳು ಮಾಡಿದೆ.

ಹಿತ್ತಾಳೆ ಬೇಗ ಕಪ್ಪಾಗುತ್ತದೆ ಅನ್ನುವುದು ನಿಜ. ಅಮ್ಮ ದೀಪ ತಿಕ್ಕುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹುಳಿ ನೀರು ಕ್ಯಾಪಿನ ಅಂಚಿನಿಂದ ಮರಕ್ಕೆ ಇಳಿದು ಕಲೆ ಮಾಡುತ್ತದೆ. ಪಾಲಿಶ್ ಹಚ್ಚಿದ ಬಟ್ಟೆ ಸಾಕು.

ಹಿತ್ತಾಳೆಗೆ ಇನ್ನೊಂದು ದೌರ್ಬಲ್ಯ ಇದೆ, ಅದು ನಮ್ಮ ನೆಲದಲ್ಲೇ ಗೊತ್ತಾದದ್ದು. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಸೇನೆಯ ಹಿತ್ತಾಳೆಯ ತೋಟಾಗಳು ಮಳೆಗಾಲದಲ್ಲಿ ಸುಮ್ನೆ ಇದ್ದಲ್ಲೇ ಬಿರುಕು ಬಿಡುತ್ತಿದ್ದವು. ಮಳೆಗಾಲ ಕಳೆಯುವವರೆಗೆ ಅವುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಅಲ್ಲಿ ಕುದುರೆ ಮೂತ್ರದಿಂದ ಏಳುವ ಅಮೋನಿಯಾವೇ ಕಾರಣ ಅಂತ 1921ರಲ್ಲಿ ವಿವರಣೆ ಸಿಕ್ಕಿತು. ಒತ್ತಿ ಬಗ್ಗಿಸಿದ ತೆಳು ಹಿತ್ತಾಳೆಯೊಳಗೆ ಬಿಗಿತ ಉಳಿದಿರುತ್ತದೆ. ಅದರ ಜೊತೆ ತೇವ, ಅಮೋನಿಯಾ ಸೇರಿದರೆ ಬಿರುಕು. ಹಾಗಾಗಿ ಹಿತ್ತಾಳೆ ಕೊಳವೆಯನ್ನು ತಣ್ಣಗೆ ಒತ್ತಿ ಹುಡ್ ಮಾಡಿದರೆ, ಆಮೇಲೆ 250-300 ಡಿಗ್ರಿಯಲ್ಲಿ ಅರ್ಧ ಗಂಟೆಯಾದರೂ ಇಟ್ಟು ಆ ಬಿಗಿತ ಇಳಿಸಿ. ಮನೆ ಒಲೆಯ ಓವನ್ ಸಾಕು. ಅಮೋನಿಯಾ ಇರುವ ಕ್ಲೀನರ್ ಹತ್ತಿರ ತರಬೇಡಿ.

ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿ ಒಂದು ಚೂರೂ ಇರುವುದಿಲ್ಲ. ತಾಮ್ರ, ನಿಕಲ್, ಸತು, ಅಷ್ಟೇ. ಕೋಲು ಮಾಡುವವರು ಇಷ್ಟಪಡುವುದು ನಿಕಲ್ 18 ಪಾಲು ಇರುವ ಬಗೆ. ಅದರಲ್ಲಿ ತಾಮ್ರ 65, ಸತು 17. ಹಳೆಯ ಅಮೆರಿಕನ್ ಬಿದಿರು ಕೋಲುಗಳ ಕೀಲು, ಕ್ಯಾಪ್, ಉಂಗುರ ಎಲ್ಲ ಹೆಚ್ಚಾಗಿ ಇದರದ್ದೇ. ಹೊಳಪು ತಣ್ಣಗಿರುತ್ತದೆ, ತಿಳಿ ಬೂದು ಬಣ್ಣದಲ್ಲಿ ಸ್ವಲ್ಪ ಹಳದಿ ಛಾಯೆ. ವರ್ಷಗಳಾದ ಮೇಲೂ ಚೆಂದ. ಹಿತ್ತಾಳೆಗಿಂತ ಗಟ್ಟಿ, ಥ್ರೆಡ್ ನಿಧಾನವಾಗಿ ಸವೆಯುತ್ತದೆ.

ಆದರೆ ಕಡೆಯುವುದು ಕಷ್ಟ. ಫ್ರೀ ಕಟಿಂಗ್ ಹಿತ್ತಾಳೆಗೆ 100 ಅಂಕ ಕೊಟ್ಟರೆ, ಈ 18 ಪಾಲಿನ ಜರ್ಮನ್ ಸಿಲ್ವರಿಗೆ ಕೊಡುವುದು 20. ಟೂಲ್ ಮೊಂಡಾದರೆ ಕತ್ತರಿಸುವುದನ್ನು ಬಿಟ್ಟು ಉಜ್ಜಲು ಶುರು ಮಾಡುತ್ತದೆ, ಉಜ್ಜಿದಲ್ಲೆಲ್ಲ ಲೋಹ ಇನ್ನೂ ಗಟ್ಟಿಯಾಗುತ್ತದೆ. ಟೂಲನ್ನು ಚೆನ್ನಾಗಿ ಹರಿತ ಮಾಡಿ, ವೇಗ ಇಳಿಸಿ, ಎಣ್ಣೆ ಬಿಡುತ್ತಾ ಹೋಗಬೇಕು.

ಇನ್ನೊಂದು ಎಚ್ಚರಿಕೆ. ಪೂಜೆ ಸಾಮಾನಿನ ಅಂಗಡಿಗಳಲ್ಲಿ ಜರ್ಮನ್ ಸಿಲ್ವರ್ ಅಂತ ಸಿಗುವುದೆಲ್ಲ ಈ ಲೋಹ ಅಲ್ಲ. ಹಿತ್ತಾಳೆಗೆ ಬಿಳಿ ಲೇಪ ಹಾಕಿದ ಸಾಮಾನೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಹಳೆ ತಟ್ಟೆ ಕರಗಿಸಿ ಮಾಡೋಣ ಅಂತ ಹೊರಟರೆ ತಳದಲ್ಲಿ ಒಮ್ಮೆ ಅರದಿಂದ ಉಜ್ಜಿ ನೋಡಿ. ಹಳದಿ ಕಂಡರೆ ಹಿತ್ತಾಳೆ. ನಾನಂತೂ ಲೋಹದ ಅಂಗಡಿಯಿಂದ, ಯಾವ ಗ್ರೇಡ್ ಅಂತ ಬರೆಸಿಕೊಂಡೇ ತರುತ್ತೇನೆ.

ಅಲ್ಯೂಮಿನಿಯಂನಲ್ಲಿ 6061 ಗ್ರೇಡ್ ತೆಗೆದುಕೊಳ್ಳಿ. ಹಗುರ, ಬೆಲೆ ಕಡಿಮೆ. ಟೂಲಿನ ತುದಿಗೆ ಅಂಟಿಕೊಳ್ಳುವ ಚಾಳಿ ಇದೆ, ಸೀಮೆಎಣ್ಣೆಯ ಒಂದೆರಡು ಹನಿ ಬಿಟ್ಟರೆ ನುಣುಪು ಬರುತ್ತದೆ. ಬೆಸುಗೆ ಹಾಕಲು ಹೋಗಬೇಡಿ, ಬಿಸಿಗೆ ಅದರ ಗಟ್ಟಿತನ ಹೋಗುತ್ತದೆ. ಇಡೀ ಭಾಗವನ್ನು ರಾಡಿನಿಂದಲೇ ಕಡೆಯಿರಿ. ಮುಗಿದ ಮೇಲೆ ಆನೊಡೈಸ್ (ವಿದ್ಯುತ್ ಹಾಯಿಸಿ ಮೇಲ್ಮೈಯಲ್ಲಿ ಗಟ್ಟಿ ಆಕ್ಸೈಡ್ ಪದರ ಬೆಳೆಸುವುದು) ಮಾಡಿಸಲೇಬೇಕು, ಇಲ್ಲದಿದ್ದರೆ ಕೈಗೆ ಕಪ್ಪು ಹತ್ತುತ್ತದೆ.

ಅಲ್ಲೊಂದು ಲೆಕ್ಕ ಇದೆ. ಹಾರ್ಡ್ ಆನೊಡೈಸಿನ ಪದರ 25 ಮೈಕ್ರಾನ್ ಇದ್ದರೆ ಅದರಲ್ಲಿ ಅರ್ಧ ಲೋಹದೊಳಗೆ, ಅರ್ಧ ಹೊರಗೆ. ಥ್ರೆಡ್ಡಿನ ಇಳಿಜಾರಿನ ಮೇಲೆ ಈ ಹೊರಗಿನ ಅರ್ಧ ನಾಲ್ಕು ಪಟ್ಟು ಪರಿಣಾಮ ಮಾಡುತ್ತದೆ, ಅಂದರೆ 0.05 ಮಿ.ಮೀ. ನಟ್ಟಿನ ಒಳಗೂ ಅಷ್ಟೇ. ಎರಡೂ ಸೇರಿ 0.1. ಆನೊಡೈಸಿಗೆ ಮೊದಲು ನಟ್ ಚೆನ್ನಾಗಿ ಬಿಗಿಯಾಗಿ ಕೂತಿದ್ದರೆ, ಬಂದ ಮೇಲೆ ತಿರುಗುವುದೇ ಇಲ್ಲ. ಸ್ವಲ್ಪ ಲೊಡಲೊಡ ಅನ್ನುವ ಹಾಗೆ ಬಿಟ್ಟು ಕಳಿಸಿ.

ಸ್ಟೇನ್‌ಲೆಸ್ ಬೇಡ ಅನ್ನುತ್ತೇನೆ. ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ನಟ್ ತಿರುಗಿಸಿದರೆ ಒಂದು ದಿನ ಹಿಡಿದುಕೊಂಡು ಕೂರುತ್ತದೆ. ಟೈಟೇನಿಯಂ ಸಣ್ಣ ಲೇತಿಗೆ ಹೇಳಿದ್ದಲ್ಲ, ಅದರ ಸಣ್ಣ ಪುಡಿಗೆ ಬೆಂಕಿ ಹತ್ತುತ್ತದೆ.

ಕೊಳವೆಯೋ, ರಾಡೋ?

20 ಮಿ.ಮೀ. ಹೊರವ್ಯಾಸದ ಒಂದು ಕ್ಯಾಪನ್ನು 22 ಮಿ.ಮೀ. ಹಿತ್ತಾಳೆ ರಾಡಿನಿಂದ ಕಡೆಯುತ್ತೀರಿ ಅಂದುಕೊಳ್ಳಿ. ಬೇಕಾಗುವ 20 ಮಿ.ಮೀ. ತುಂಡು 65 ಗ್ರಾಂ ತೂಗುತ್ತದೆ. ಮುಗಿದ ಕ್ಯಾಪ್ 15 ಗ್ರಾಂ. ಉಳಿದ 50 ಗ್ರಾಂ ಪುಡಿ. ಪುಡಿಯನ್ನು ಬೇರೆ ಲೋಹ ಬೆರೆಯದ ಹಾಗೆ ಡಬ್ಬದಲ್ಲಿ ಇಟ್ಟರೆ ಗುಜರಿಯವರು ಒಳ್ಳೆ ಬೆಲೆಗೆ ತೆಗೆದುಕೊಳ್ಳುತ್ತಾರೆ. ಹಿತ್ತಾಳೆಗೆ ಈ ನಷ್ಟ ಪರವಾಗಿಲ್ಲ. ಜರ್ಮನ್ ಸಿಲ್ವರಿಗೆ ಜೇಬು ಸುಡುತ್ತದೆ, ಕೆಲಸವೂ ಜಾಸ್ತಿ.

ಕೊಳವೆ ತಂದರೆ ಗರಗಸದಲ್ಲಿ ಕೊಯ್ದು, ತಳಕ್ಕೆ ಒಂದು ಬಿಲ್ಲೆ ಬೆಸೆದರೆ ಕ್ಯಾಪ್ ಸಿದ್ಧ. ಲೇತ್ ಇಲ್ಲದವರೂ ಉಂಗುರದ ಸೀಟನ್ನು ಹೀಗೆ ಮಾಡಿಕೊಳ್ಳಬಹುದು. ಒಂದು ಅರ, ಒಂದು ವೈಸ್, ಎಮೆರಿ ಕಾಗದ, ಬೆಸುಗೆಯ ಟಾರ್ಚ್ ಇದ್ದರೆ ಸಾಕು. ಬೆಸುಗೆಯಲ್ಲೂ ಆಯ್ಕೆ ಇದೆ. ಬೆಳ್ಳಿ ಬೆಸುಗೆ ಬಲು ಗಟ್ಟಿ, ಆದರೆ 650 ಡಿಗ್ರಿ ಹತ್ತಿರ ಬಿಸಿ ಬೇಕು. ಅಷ್ಟು ಬಿಸಿಗೆ ಕೊಳವೆ ಮೆತ್ತಗಾಗುತ್ತದೆ, ಕೈಯಲ್ಲಿ ಹಿಸುಕಿದರೆ ಬಗ್ಗುವಷ್ಟು. ನೀರಿಗೆ ಅದ್ದಿದರೆ ಮತ್ತೆ ಗಟ್ಟಿಯಾಗುವುದಿಲ್ಲ, ಅದು ಉಕ್ಕಲ್ಲ. ಕ್ಯಾಪಿನ ತಳಕ್ಕೆ ಭಾರ ಬೀಳುವುದಿಲ್ಲ. ಹಾಗಾಗಿ ತವರದಲ್ಲಿ 4 ಪಾಲು ಬೆಳ್ಳಿ ಇರುವ, 221 ಡಿಗ್ರಿಗೆ ಕರಗುವ ಮೆತ್ತನೆ ಬೆಸುಗೆಯೇ ನನ್ನ ಆಯ್ಕೆ. ಬೆಳ್ಳಿ ಬೆಸುಗೆಯೇ ಬೇಕಾದರೆ ಕ್ಯಾಡ್ಮಿಯಂ ಇಲ್ಲದ ಕಡ್ಡಿ ಕೇಳಿ ತನ್ನಿ. ಕ್ಯಾಡ್ಮಿಯಂ ಹೊಗೆ ವಿಷ, ಕಿಟಕಿ ತೆರೆದಿದ್ದರೂ ವಿಷವೇ.

ಪಾದ ಕೂರಲು ಹುಡ್ಡಿನ ಒಂದು ಕಡೆ ಉಬ್ಬಿಸಬೇಕು ಅಂತ ಕೆಲವರು ಹೆದರುತ್ತಾರೆ. ಬೇಕಿಲ್ಲ. ಮರದ ಮೇಲೆಯೇ ಪಾದದ ಅಗಲಕ್ಕೆ ಚಪ್ಪಟೆಯಾಗಿ ತೋಡಿಬಿಟ್ಟರೆ, ಹುಡ್ ಬರೀ ದುಂಡನೆ ಬಟ್ಟಲಾದರೆ ಸಾಕು. ತೋಡು 2 ಮಿ.ಮೀ. ಆಳ ಇದ್ದರೆ ಹೆಚ್ಚಿನ ಪಾದಗಳು ಹೋಗುತ್ತವೆ. ಉಬ್ಬಿಸಿದ್ದು ನೋಡಲು ಚೆಂದ ಅನ್ನುವುದನ್ನು ಒಪ್ಪುತ್ತೇನೆ, ಅದನ್ನು ನಾಲ್ಕನೇ ಕೋಲಿಗೆ ಇಟ್ಟುಕೊಳ್ಳಿ.

ಥ್ರೆಡ್ ಆರಿಸುವುದು

18 ಮಿ.ಮೀ. ಹೊರಗೆ, 15 ಮಿ.ಮೀ. ಒಳಗೆ ಇರುವ ಕೊಳವೆ ತೆಗೆದುಕೊಳ್ಳಿ. ಗೋಡೆ ದಪ್ಪ ಒಂದೂವರೆ ಮಿ.ಮೀ. ಅದರ ಮೇಲೆ 1.5 ಪಿಚ್ಚಿನ, ಅಂದರೆ ಒಂದು ಏಣಿನಿಂದ ಮುಂದಿನದಕ್ಕೆ 1.5 ಮಿ.ಮೀ. ದೂರದ, ಥ್ರೆಡ್ ಹಾಕಿದರೆ 0.92 ಮಿ.ಮೀ. ಆಳ ಹೋಗುತ್ತದೆ, ಉಳಿಯುವುದು 0.58. ಪಿಚ್ 1 ಆದರೆ ಉಳಿಯುವುದು 0.89. ತೆಳು ಕೊಳವೆಗೆ 1 ಪಿಚ್ಚೇ ಸರಿ ಅಲ್ವಾ? ಕೆರೆ, ಹೊಳೆಗೆ ಹೌದು. ಮರಳು ಹೆಚ್ಚಿರುವ ದಂಡೆಯಲ್ಲಿ ಮಾತ್ರ ಸಣ್ಣ ಥ್ರೆಡ್ಡಿನೊಳಗೆ ಮರಳು ಹೊಕ್ಕು ನಟ್ ಕರಕರ ಅನ್ನಲು ಶುರುವಾಗುತ್ತದೆ. ಅಲ್ಲಿಗೆ 1.5 ಪಿಚ್ ಇರಲಿ, ಗೋಡೆಯನ್ನೇ 2 ಮಿ.ಮೀ. ದಪ್ಪ ಮಾಡಿ.

1.5 ಪಿಚ್ಚಿಗೆ ಇನ್ನೊಂದು ಅನುಕೂಲ. ನಟ್ಟಿನೊಳಗೆ ಥ್ರೆಡ್ ಕೊರೆಯುವ ಎಂ18×1.5 ಟ್ಯಾಪ್ ಹುಡುಕಿ ಅಲೆಯಬೇಕಿಲ್ಲ. ಕಾರಿನ ಆಕ್ಸಿಜನ್ ಸೆನ್ಸರಿನ ಥ್ರೆಡ್ ಇದೇ ಅಳತೆ, ಗ್ಯಾರೇಜಿಗೆ ಟೂಲ್ ಮಾರುವವರ ಹತ್ತಿರ ಇರುತ್ತದೆ.

ನಟ್ಟಿನ ಹೊರಗೆ ಬೆರಳಿಗೆ ಹಿಡಿತ ಸಿಗಲು ನರ್ಲಿಂಗ್, ಅಂದರೆ ಸಣ್ಣ ಗೆರೆಗಳನ್ನು ಒತ್ತಿ ಒರಟು, ಮಾಡುತ್ತೇವೆ. ಅದನ್ನು ತೂತು ಕೊರೆಯುವ ಮೊದಲೇ ಮಾಡಿ. ನರ್ಲಿಂಗ್ ಚಕ್ರ ಲೋಹವನ್ನು ಕತ್ತರಿಸುವುದಿಲ್ಲ, ಒತ್ತುತ್ತದೆ. ತೂತು ಕೊರೆದಾದ ಮೇಲೆ ಒತ್ತಿದರೆ ತೆಳು ನಟ್ ಮೊಟ್ಟೆಯಾಕಾರಕ್ಕೆ ಹೋಗುತ್ತದೆ. ಆಮೇಲೆ ಅದಕ್ಕೆ ಮದ್ದಿಲ್ಲ.

ನೀವೇ ಮಾಡುವುದೋ, ಟರ್ನರಿಗೆ ಕೊಡುವುದೋ, ಕೊಳ್ಳುವುದೋ?

ಸಣ್ಣ ಲೇತ್ ಇದ್ದರೆ ಪ್ರಶ್ನೆಯೇ ಇಲ್ಲ. ಇಲ್ಲದಿದ್ದರೆ ಲೇತ್ ಕೊಳ್ಳುವ ಮೊದಲು ಒಂದು ಸೀಟ್ ಟರ್ನರ್ ಹತ್ತಿರ ಮಾಡಿಸಿ ನೋಡಿ. ಬೆಂಗಳೂರಿನಲ್ಲಿರುವವರಿಗೆ ಪೀಣ್ಯದ ಸಣ್ಣ ವರ್ಕ್‌ಶಾಪುಗಳಿವೆ, ಬೇರೆ ಊರುಗಳ ಕೈಗಾರಿಕಾ ವಸಾಹತುಗಳಲ್ಲೂ ಇವೆ. ಒಂದೇ ಪೀಸ್ ಅಂದರೆ ಕಂಪ್ಯೂಟರ್ ಓಡಿಸುವ ಸಿಎನ್‌ಸಿ ಯಂತ್ರ ಇರುವವರು ತಲೆಯಾಡಿಸುತ್ತಾರೆ. ಮಷಿನ್ ಹೊಂದಿಸಲು ಹೋಗುವ ಸಮಯಕ್ಕೇ ಅವರ ಕಾಸು ಹೋಗುತ್ತದೆ. ಕೈಯಲ್ಲಿ ಓಡಿಸುವ ಹಳೆ ಲೇತ್ ಇಟ್ಟುಕೊಂಡಿರುವ ಹಿರಿಯ ಟರ್ನರ್ ಹುಡುಕಿ. ಡ್ರಾಯಿಂಗ್ ಜೊತೆ ರೀಲನ್ನೂ ತೆಗೆದುಕೊಂಡು ಹೋಗಿ ಅವರ ಕೈಗೆ ಕೊಡಿ. "ಇದು ಇಲ್ಲಿ ಕೂರಬೇಕು ಸಾರ್, ಅಲುಗಬಾರದು" ಅಂದರೆ ಸಾಕು, ಮುಕ್ಕಾಲು ಪಾಲು ಅವರಿಗೆ ಅರ್ಥವಾಗಿರುತ್ತದೆ. ನನಗೆ ಉಂಗುರದ ಒಳ ಇಳಿಜಾರು ಹೇಳಿಕೊಟ್ಟವರು ಅಂಥ ಒಬ್ಬ ಹಿರಿಯರೇ. ಜೀವಮಾನದಲ್ಲಿ ಒಮ್ಮೆಯೂ ಗಾಳ ಹಾಕಿದವರಲ್ಲ.

ಮರದ ತುಂಡಿಗೆ ಬೀಟೆ, ತೇಗ, ಹಲಸು ಯಾವುದಾದರೂ ಆದೀತು. ಬೀಟೆಯಾದರೆ ಬಿಲ್ ಇರುವ ಕಡೆಯಿಂದಲೇ ತನ್ನಿ. ಬಣ್ಣ ಬೇಕಾದರೆ ಚನ್ನಪಟ್ಟಣದ ಅರಗಿನ ಕೆಲಸದವರಿಂದ ಕಡೆಸಿಕೊಳ್ಳಬಹುದು. ಅವರು ಬಳಸುವ ಹಾಲೆ ಮರ ಮೆತ್ತಗೆ, ತೋಡಿದ ಜಾಗಕ್ಕೆ ತೆಳು ಎಪಾಕ್ಸಿ ಕುಡಿಸಿ ಗಟ್ಟಿ ಮಾಡಿಕೊಳ್ಳಿ. ಯಾವ ಮರವಾದರೂ ಕಡೆಯುವ ಮೊದಲು ಕೆಲವು ವಾರ ಮನೆಯೊಳಗೆ ಒಣಗಲಿ.

ಮಲ್ಪೆಯಲ್ಲೋ ಕಾರವಾರದಲ್ಲೋ ಮರಳ ದಂಡೆಯಿಂದ ಎಸೆಯುವ ಉದ್ದದ ಕೋಲು ಮಾಡುತ್ತಿದ್ದರೆ ನನ್ನ ಸಲಹೆ ಬೇರೆ. ಲೋಹದ ಸೀಟ್ ಮಾಡುವ ಆಸೆ ಬಿಡಿ. ಉಪ್ಪು ನೀರು ಹಿತ್ತಾಳೆಯ ಸತುವನ್ನು ತಿನ್ನುತ್ತದೆ. ಅಲ್ಯೂಮಿನಿಯಂ ಜೊತೆ ಹಿತ್ತಾಳೆ ನಟ್ ಇದ್ದರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಜಪಾನಿನ ಫ್ಯೂಜಿಯಂಥವರ ಗಟ್ಟಿ ಪ್ಲಾಸ್ಟಿಕ್ ಮೈ, ಸ್ಟೇನ್‌ಲೆಸ್ ಹುಡ್ ಇರುವ ಸೀಟ್ ಕೊಂಡು ಹಾಕಿ. ಆ ಕೆಲಸಕ್ಕೆ ಅದೇ ಸರಿ.

ಮೊದಲ ಕೋಲು, ಹಗುರ ರೀಲ್, ಕೆರೆ ಅಂದರೆ ಕೊಳವೆಯಿಂದ ಮಾಡಿದ ಹಿತ್ತಾಳೆಯ ಕ್ಯಾಪ್ ಮತ್ತು ಉಂಗುರ. ಹೊಳೆಯಲ್ಲಿ ದಿನವಿಡೀ ಬೀಸುವ ಕೋಲಿಗೆ ಡೌನ್‌ಲಾಕ್, ಅಲ್ಯೂಮಿನಿಯಂ. ದೊಡ್ಡ ಮೀನಿಗೆ ಅಪ್‌ಲಾಕ್, ಹಿತ್ತಾಳೆ ಅಥವಾ ಜರ್ಮನ್ ಸಿಲ್ವರ್, ಕ್ಯಾಪಿಗೆ ಎಪಾಕ್ಸಿಯ ಜೊತೆ ಒಂದೂವರೆ ಮಿ.ಮೀ. ಹಿತ್ತಾಳೆ ಪಿನ್ನೂ ಇರಲಿ. ಮಗಳಿಗೋ ಮಗನಿಗೋ ಕೊಟ್ಟುಹೋಗುವ ಕೋಲಾದರೆ, ಕಷ್ಟವಾದರೂ ಜರ್ಮನ್ ಸಿಲ್ವರಿನಲ್ಲೇ ಮಾಡಿ.

ಯಾವುದನ್ನು ಮಾಡಿದರೂ ಎಪಾಕ್ಸಿ ಹಾಕಿ ಅಂಟಿಸುವ ಮೊದಲು ಒಂದು ಪರೀಕ್ಷೆ. ಎಲ್ಲವನ್ನೂ ಒಣದಾಗಿ ಜೋಡಿಸಿ, ಅಲುಗದ ಹಾಗೆ ಟೇಪ್ ಸುತ್ತಿ, ರೀಲ್ ಕೂರಿಸಿ. ಉಂಗುರ ಅಥವಾ ನಟ್ಟಿನ ಅಂಚಿಗೆ ಸರಿಯಾಗಿ ಪಾದದ ಮೇಲೆ ಪೆನ್ಸಿಲಿನಲ್ಲಿ ಒಂದು ಗೀಟು ಎಳೆಯಿರಿ. ತಾರಸಿಗೆ ಹೋಗಿ ಅರ್ಧ ಗಂಟೆ ಬೀಸಿ. ಕೆಳಗೆ ಬಂದು ಗೀಟು ನೋಡಿ. ಕೂದಲೆಳೆಯಷ್ಟು ಸರಿದಿದ್ದರೂ ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ಕಡೆಯಿರಿ.